ತಾಮ್ರದ ತಂಬಿಗೆಯ ನೀರು

ಒಂದಾನೊಂದು ಕಾಲದಲ್ಲಿ, ಭೀಮಾ ನದಿಯ ಆಚೆ ದಂಡೆಯಲ್ಲಿ, ಬಾವಿ ತೋಡುವವನೊಬ್ಬನಿದ್ದನಂತೆ. ಅವನು ಗುದ್ದಲಿ ಹಾಕಿದಲ್ಲೆಲ್ಲ ಸಿಹಿನೀರೇ ಬರುತ್ತಿತ್ತಂತೆ. ಯಾಕೆಂದರೆ ಅಗೆಯುವ ಮೊದಲು ಅವನು ನೆಲಕ್ಕೆ ಕಿವಿಯಿಟ್ಟು, ಒಳಗೆ ಮಲಗಿದ್ದ ಗಂಗವ್ವನನ್ನು ‘ಏಳ್ತೀಯೇನವ್ವಾ, ಹೊತ್ತಾತು’ ಎಂದು ಕರೆಯುತ್ತಿದ್ದನಂತೆ. ಅವನಿಗೆ ಇಬ್ಬರು ಹೆಣ್ಣುಮಕ್ಕಳು. ಒಬ್ಬಳನ್ನು ಮೂಡಣದ ಊರಿಗೆ ಕೊಟ್ಟ, ಇನ್ನೊಬ್ಬಳನ್ನು ಪಡುವಣದ ಊರಿಗೆ. ಗಾಡಿ ಹತ್ತಿಸುವಾಗ ಇಬ್ಬರಿಗೂ ಒಂದೇ ಮಾತು ಹೇಳಿದ: “ಅತ್ತಿ ಹೆಂಗದಾಳ, ಗಂಡ ಹೆಂಗದಾನ ಅಂತ ಒಬ್ಬರಿಗೊಬ್ಬರು ಕೇಳಬ್ಯಾಡ್ರಿ. ಹೆಣ್ಣುಮಕ್ಕಳು ಅದಕ್ಕ ಖರೇ ಉತ್ತರ ಕೊಡೂದಿಲ್ಲ. ನಿನ್ನ ನೀರು ಹೆಂಗದ ಅಂತ ಕೇಳ್ರಿ. ನೀರಿನ ಮಾತಿನ್ಯಾಗ ಯಾರೂ ಸುಳ್ಳು ಹೇಳೂದಿಲ್ಲ.”

ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಈ ಕಥೆಯನ್ನು ಎಷ್ಟು ಸಲ ಕೇಳಿದ್ದೇನೋ. ಆ ಇಬ್ಬರಲ್ಲಿ ದೊಡ್ಡವಳು ನನ್ನ ಅಜ್ಜಿ ಬಸವಣ್ಣೆವ್ವನೇ, ಚಿಕ್ಕವಳು ಅವಳ ತಂಗಿ ಅವ್ವಮ್ಮ ಎಂದು ತಿಳಿದದ್ದು ಬಹಳ ತಡವಾಗಿ. ಅಜ್ಜಿ ಇಂಡಿ ಕಡೆಯ ಸೊಸೆಯಾಗಿ, ಆಮೇಲೆ ಮಗನ ನೌಕರಿಯ ಹಿಂದೆ ಪುಣೆಗೆ ಬಂದವಳು. ಅವ್ವಮ್ಮಜ್ಜಿಯನ್ನು ಕೊಟ್ಟದ್ದು ಪುಣೆ ಜಿಲ್ಲೆಯ ರಾಂಜಣಗಾಂವದ ಆಚೆಯ ಒಂದು ಹಳ್ಳಿಗೆ, ಕಿರಾಣಿ ಅಂಗಡಿಯ ಜೊತೆಗೆ ನಾಲ್ಕೆಕರೆ ಹೊಲವೂ ಇದ್ದ ಲಿಂಗಾಯತ ವಾಣಿ ಮನೆತನಕ್ಕೆ. ಫೋನು ಬಂದಾಗಲೂ ಇಬ್ಬರೂ ಮೊದಲು ಕೇಳುತ್ತಿದ್ದದ್ದು ಅದನ್ನೇ. “ನಿನ್ನ ನೀರು ಹೆಂಗದ?” “ಛಲೋ ಅದ.” ಅದಾದ ಮೇಲೆಯೇ ಮೊಣಕಾಲು, ಮೊಮ್ಮಕ್ಕಳು, ಉಪ್ಪಿನಕಾಯಿ.

೨೦೦೪ರ ಶ್ರಾವಣದಲ್ಲಿ ಅವ್ವಮ್ಮಜ್ಜಿ ಮೊದಲ ಸಲ “ಛಲೋ ಅದ” ಎನ್ನಲಿಲ್ಲ.

ಅಜ್ಜಿ ಫೋನಿಟ್ಟವಳೇ ಚೀಲ ಕಟ್ಟಿ, ಮೊದಲ ಸೋಮವಾರ ತಂಗಿಯ ಊರಿಗೆ ಹೋದಳು. ಮರುದಿನ ಮಧ್ಯಾಹ್ನ ಸರ್ಕಾರಿ ಎಸ್‌ಟಿ ಬಸ್ಸಿನಲ್ಲಿ ವಾಪಸ್ಸು ಬಂದು, ಕಾಲು ತೊಳೆಯುವ ಮೊದಲೇ ಅಡುಗೆಮನೆ ಹೊಕ್ಕಳು. ಹೊರಗೆ ಬಂದಾಗ ಅವಳ ಕೈಯಲ್ಲಿ ಮುಚ್ಚಳ ಬಿಗಿದ ಒಂದು ಪ್ಲಾಸ್ಟಿಕ್ ಬಾಟಲಿ ಇತ್ತು, ತುಂಬ ನೀರು. ನಾನು ಆಗ ಚಿಂಚವಡದ ಒಂದು ಸಣ್ಣ ಖಾಸಗಿ ಲ್ಯಾಬಿನಲ್ಲಿ ನೀರು ಪರೀಕ್ಷೆ ಮಾಡುವ ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಆ ದಿನ ನನಗೆ ರಜೆ.

“ಇದನ್ನ ನಿಮ್ಮ ಲ್ಯಾಬಿನ್ಯಾಗ ನೋಡು ಶಿವಾನಿ. ಅವ್ವಮ್ಮನ ಬಾವಿ ನೀರು. ಎರಡು ತಿಂಗಳಿಂದ ಔಷಧದ ವಾಸನಿ ಹೊಡ್ಯಾಕತ್ತದಂತ. ಎಮ್ಮಿ ಮೂಸಿ ನೋಡಿ ಹಿಂದಕ್ಕ ಸರೀತದ.”

ನೀರಿನಲ್ಲಿ ಏನೇನು ನೋಡಬಹುದು ಎಂದು ನಾನು ವಿವರಿಸತೊಡಗಿದೆ. ಗಡಸುತನ, ಕ್ಷಾರ, ಲೋಹ. ಅಜ್ಜಿ ಕೈಯೆತ್ತಿದಳು.

“ಅವೆಲ್ಲ ನನಗ ತಿಳಿಯೂದಿಲ್ಲ. ಕುಡೀಬೇಕೋ ಬ್ಯಾಡೋ, ಅಷ್ಟ. ಅವ್ವಮ್ಮಗ ನೀನ ಹೋಗಿ, ನಿನ್ನ ಬಾಯಿಂದನ ಹೇಳಬೇಕು. ಹೇಳ್ತೀನಿ ಅಂತ ಕೈಯಾಗ ಕೈ ಇಡು.”

ಕೈಯಲ್ಲಿ ಕೈಯಿಟ್ಟೆ. ಅವಳ ಕಥೆಗಳಲ್ಲಿ ಹೀಗೆ ಕೈಯಿಟ್ಟವರು ಏಳು ಹೊಳೆ ದಾಟಬೇಕಾಗುತ್ತದೆ. ನನಗೆ ಒಂದು ಬಸ್ಸು ಹತ್ತಿದರೆ ಸಾಕಲ್ಲ ಎನ್ನಿಸಿತು.

ಪುಣೆಯ ಅಂಚಿನ ವಾಕಡದ ನಮ್ಮ ಮನೆ ಎರಡು ಕೋಣೆಯದು. ಎದುರಿಗೆ ಅರ್ಧ ಕಟ್ಟಿದ ಬಿಲ್ಡಿಂಗು, ಹಿಂದೆ ಇನ್ನೂ ಮಾರದೆ ಉಳಿದಿದ್ದ ಜೋಳದ ಹೊಲ. ಅಪ್ಪ ಮುರುಗೆಪ್ಪ, ನಿಗಡಿ ಎಂಬ ಬಡಾವಣೆಯ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಗುಮಾಸ್ತ. ಅವ್ವ ರುದ್ರವ್ವ ಹಿಂಜವಡಿಯ ಕಂಪ್ಯೂಟರ್ ಹುಡುಗರಿಗೆ ರೊಟ್ಟಿ ಬಡಿದು ಕೊಡುತ್ತಿದ್ದಳು. ಸಂಜೆ ಐದರಿಂದ ಏಳರವರೆಗೆ ಮನೆಯಲ್ಲಿ ಬೇರೆ ಯಾವ ಸದ್ದೂ ಕೇಳಿಸುತ್ತಿರಲಿಲ್ಲ. ಅಣ್ಣ ಅಮರ ಬೀಜದ ಕಂಪನಿಯಲ್ಲಿದ್ದ. ಹುಳ ಎಲೆ ಕಡಿದರೆ ಹುಳವೇ ಸಾಯುವಂಥ ಹತ್ತಿಯ ಬೀಜ ಮಾಡುವ ಕಂಪನಿ. ಅದರ ಹಿಂಗೋಡೆ ಅವ್ವಮ್ಮಜ್ಜಿಯ ಹೊಲದ ಬದುವಿಗೆ ತಾಗಿತ್ತು. ಅವ್ವಮ್ಮಜ್ಜಿಯ ಮಗ ಮಾರ್ತಾಂಡ ಕಾಕಾ ತನ್ನ ಹೊಲದಲ್ಲಿ ಆ ಕಂಪನಿಗಾಗಿಯೇ ಬೀಜ ಬೆಳೆಯುತ್ತಿದ್ದ. ಅವನ ಮಾತಿನ ಮೇಲೆಯೇ ಅಣ್ಣನಿಗೆ ಅಲ್ಲಿ ನೌಕರಿ ಸಿಕ್ಕಿದ್ದು.

ಬೀಜಕ್ಕೆ ಬೂಷ್ಟು, ಹುಳ ಹತ್ತದಂತೆ ಔಷಧ ಸವರಿ ಕೆಂಪು ಬಣ್ಣ ಹಚ್ಚುತ್ತಾರೆ. ಆ ಯಂತ್ರಗಳನ್ನು ತೊಳೆದ ನೀರು ಕೆಂಪಗೆ ಹರಿದು ಬರುತ್ತದೆ. ಅದನ್ನು ಸುಣ್ಣ, ಪಟಕ ಹಾಕಿ ತಿಳಿಗೊಳಿಸುವುದು ಅಣ್ಣನ ಕೆಲಸ. ಎರಡು ವರ್ಷದಿಂದ ಕಾಂಟ್ರಾಕ್ಟಿನ ಮೇಲಿದ್ದ. ದಸರೆಗೆ ಕಾಯಂ ಮಾಡುತ್ತೇವೆ ಎಂದಿದ್ದರು. ಆ ಕಾಗದ ಬಂದರೆ ಹೆಣ್ಣು ನೋಡುವುದೆಂದು ಅವ್ವ ತೀರ್ಮಾನಿಸಿದ್ದಳು.

ಊಟಕ್ಕೆ ಕೂತಾಗ ಅಣ್ಣ ಬಾಟಲಿ ನೋಡಿದ. ಮಡಿಕೆಕಾಳಿನ ಪಲ್ಯ, ಶೇಂಗಾ ಚಟ್ನಿ. ರೊಟ್ಟಿ ಮುರಿದ ಕೈ ಹಾಗೇ ನಿಂತಿತು.

“ನಮ್ಮ ನೀರು ಮೂರು ಟಾಕಿ ದಾಟಿ ಬರ್ತದ ಅಜ್ಜಿ. ಕಡೀ ಟಾಕ್ಯಾಗ ಮೀನ ಬಿಟ್ಟೀವಿ. ನೋಡಾಕ ಬಂದವ್ರಿಗೆಲ್ಲ ನಾವು ಮೊದಲು ತೋರ್ಸೂದ ಅದನ್ನ. ಕೆಟ್ಟ ನೀರಾಗ ಮೀನ ಆಡ್ತಾವೇನು?”

“ಮೀನ ನಿಮ್ಮ ಟಾಕ್ಯಾಗ ಅದಾವು. ಎಮ್ಮಿ ಅವ್ವಮ್ಮನ ಮನ್ಯಾಗ ಅದ,” ಎಂದಳು ಅಜ್ಜಿ.

ಅಪ್ಪ ನಕ್ಕುಬಿಟ್ಟ. ಅಣ್ಣ ನಗಲಿಲ್ಲ. ಅಜ್ಜಿ ಬಿಡಲಿಲ್ಲ, ನಿಮ್ಮ ಕಂಪನಿಯ ಬೀಜವನ್ನು ಮಾರ್ತಾಂಡ ಒಂದು ಮುಷ್ಟಿಯೂ ಮನೆಯಲ್ಲಿ ಇಟ್ಟುಕೊಳ್ಳಬಾರದಂತೆ, ಹಾಗಂತ ಸಹಿ ಮಾಡಿಸಿಕೊಂಡಿದ್ದಾರಂತೆ, ಹೌದೋ ಎಂದು ಕೇಳಿದಳು. ಹೌದು, ಅದು ಕಂಪನಿಯವರು ಹತ್ತು ವರ್ಷ ಕೂತು ಮಾಡಿದ ಬೀಜ, ಅವರದ್ದೇ, ಎಂದ ಅಣ್ಣ. ಬೂದಿ ಬೆರೆಸಿ ಗಡಿಗೆಯಲ್ಲಿ ಬೀಜ ಕಾಯ್ದು ಬಂದವಳಿಗೆ ಅದು ಅರ್ಥವಾಗಲಿಲ್ಲ. ಆದರೆ ಅದೇ ಬೆಳೆಯಿಂದ ಮಾರ್ತಾಂಡ ಕಾಕಾ ಹೊಸ ಮನೆ ಕಟ್ಟಿಸಿದ್ದು, ಮಗಳನ್ನು ನರ್ಸಿಂಗ್ ಓದಿಸಿದ್ದು ಕೂಡ ಅವಳೇ ಊರೆಲ್ಲ ಹೇಳಿಕೊಂಡು ಬಂದಿದ್ದಳು. ಎರಡನ್ನೂ ಒಟ್ಟಿಗೆ ಎಲ್ಲಿಡಬೇಕೆಂದು ನನಗೂ ತಿಳಿಯಲಿಲ್ಲ.

ಲ್ಯಾಬಿನ ಯಜಮಾನರು ಏಕನಾಥ ಸರ್. ಮನೆಯ ನೀರೆಂದು ಹೇಳಿದಾಗ, ಊಟದ ಬಿಡುವಿನಲ್ಲಿ ಮಾಡಿಕೋ ಎಂದು ಮರಾಠಿಯಲ್ಲಿ ಗೊಣಗಿದರು. ಮೂರು ದಿನ ಡಬ್ಬಿ ಬಿಚ್ಚದೆ ಪರೀಕ್ಷೆ ಮಾಡಿದೆ. ನೀರು ಸ್ವಲ್ಪ ಮಬ್ಬಾಗಿತ್ತು, ಹುಳಿ ಅಂಶ ಜಾಸ್ತಿ ಇತ್ತು. ಬರೆದುಕೊಂಡೆ, ಯೋಚಿಸಲಿಲ್ಲ. ತಾಮ್ರವನ್ನು ಮಾತ್ರ ಎರಡನೆಯ ಸಲ ಮಾಡಿ ನೋಡಿದೆ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದು, ಇದರಲ್ಲಿ ಆರು.

ಏಕನಾಥ ಸರ್ ಕನ್ನಡಕ ಏರಿಸಿ ಎರಡು ಸಲ ಓದಿದರು. ಮಾದರಿ ತೆಗೆದವರು ಯಾರೆಂದು ಕೇಳಿದರು. ಅಜ್ಜಿ ಎಂದೆ. ಹಾಗಿದ್ದರೆ ಕೆಳಗೆ ‘ಗ್ರಾಹಕರೇ ತಂದ ಮಾದರಿ’ ಎಂದು ಬರೆ, ಮರೆಯಬೇಡ ಎಂದರು. ಬರೆದೆ. ಆ ಸಾಲನ್ನು ಮುಂದೆ ಒಬ್ಬರೂ ಓದಲಿಲ್ಲ.

ಆ ರಾತ್ರಿ ಊಟದ ಹೊತ್ತಿಗೆ ತಾಮ್ರದ ಮಾತನ್ನು ಅಣ್ಣನಿಗೂ ಹೇಳಿದೆ. ಬೂಷ್ಟಿಗೆ ಹಚ್ಚುವ ನೀಲಿ ಪುಡಿಯಲ್ಲಿ ತಾಮ್ರ ಇರುತ್ತದೆ ಎಂದು ಅವನೇ ಹೇಳಿದ, ಮೆಲ್ಲಗೆ, ತಟ್ಟೆ ನೋಡುತ್ತ. ಆದರೆ ಅಷ್ಟು ಹೊರಗೆ ಹೋಗಲು ಸಾಧ್ಯವೇ ಇಲ್ಲ ಎಂದ.

“ಮತ್ತ ನೀರಿನ್ಯಾಗ ಎಲ್ಲಿಂದ ಬಂತೋ?” ಎಂದಳು ಅಜ್ಜಿ.

“ನನಗೇನ ಗೊತ್ತು ಅಜ್ಜಿ. ನಾ ಬಿಟ್ಟ ನೀರಲ್ಲ ಅದು.”

ನಾನು ಹೋಗಿ ಹೇಳಬೇಕಾದ ಮಾತು ನನಗಿಂತ ಮೊದಲೇ ಬಸ್ಸು ಹತ್ತಿತು. ರವಿವಾರ ಹೋಗೋಣವೆಂದು ನಾನಂದುಕೊಂಡಿದ್ದರೆ, ತಡೆಯಲಾರದ ಅಜ್ಜಿ ಶನಿವಾರವೇ ಆ ಊರಿಗೆ ಹೊರಟಿದ್ದವರ ಕೈಯಲ್ಲಿ ಕಾಗದದ ಝೆರಾಕ್ಸ್ ಕಳಿಸಿಬಿಟ್ಟಳು. ಅಲ್ಲಿ ಅದು ಇಪ್ಪತ್ತು ಝೆರಾಕ್ಸ್ ಆಯಿತು. ಮಂಗಳವಾರ ಊರಿನ ಜನ ಕಂಪನಿಯ ಗೇಟಿನ ಮುಂದೆ ಕೂತರು. ಗುರುವಾರದ ಮರಾಠಿ ಪತ್ರಿಕೆಯಲ್ಲಿ ಒಂದು ಮೂಲೆಯಲ್ಲಿ ಸುದ್ದಿ ಬಂತು. ಶುಕ್ರವಾರ ಕಂಪನಿಯವರು ಕಾಗದದ ಕೆಳಗಿನ ನನ್ನ ಸಹಿಯ ಹೆಸರನ್ನೂ ಅಮರನ ಅಡ್ಡಹೆಸರನ್ನೂ ಜೋಡಿಸಿ ನೋಡಿದರು. ಮುಂದೆ ಹೇಳುವ ತನಕ ಮನೆಯಲ್ಲಿರು ಎಂದರು ಅಣ್ಣನಿಗೆ.

ಮಾರ್ತಾಂಡ ಕಾಕಾನ ಫೋನು ಬಂತು. ಅವನ ದನಿ ಅಡುಗೆಮನೆಗೂ ಕೇಳಿಸುತ್ತಿತ್ತು. ನೌಕರಿ ಕೊಡಿಸಿದ್ದು ತನ್ನ ಮನೆಯ ಬಾಗಿಲಿಗೆ ಬೆಂಕಿ ಹಚ್ಚಲಿಕ್ಕೇನು, ಮುಂದಿನ ವರ್ಷ ಕಂಪನಿಯವರು ತನಗೆ ಬೀಜ ಕೊಡದಿದ್ದರೆ ನೀವು ಬಂದು ಹೊಲ ಮಾಡುತ್ತೀರೇನು ಎಂದು ಕೇಳಿದ. ಅಪ್ಪ ಹ್ಞೂಂ, ಹ್ಞೂಂ ಎನ್ನುತ್ತ ಫೋನಿನ ವೈರನ್ನು ಬೆರಳಿಗೆ ಸುತ್ತಿಕೊಂಡ.

ಅಣ್ಣನ ಮನೆವಾಸ ಎರಡು ವಾರಕ್ಕೂ ಮೇಲೆ ನಡೆಯಿತು. ಬೆಳಗ್ಗೆ ಆರಕ್ಕೆ ನಲ್ಲಿ ಬರುವಾಗ ಎದ್ದು ಎಲ್ಲ ಕೊಡ ತುಂಬಿಡುತ್ತಿದ್ದ. ಅವ್ವನಿಗೆ ಹಿಟ್ಟು ಬೀಸಿಸಿಕೊಂಡು ಬರುತ್ತಿದ್ದ. ನನ್ನೊಂದಿಗೆ ಮಾತು ಬಿಟ್ಟಿದ್ದ. ಏನಾದರೂ ಬೇಕಿದ್ದರೆ ಅವ್ವನಿಗೆ ಹೇಳುತ್ತಿದ್ದ: “ನಿಮ್ಮ ಸೈಂಟಿಸ್ಟ್‌ಗ ಹೇಳು, ಬಚ್ಚಲ ಖಾಲಿ ಆಗೇದ ಅಂತ.”

ಅವ್ವ ಒಂದು ಸಂಜೆ ರೊಟ್ಟಿ ಬಡಿಯುತ್ತಲೇ ಅಜ್ಜಿಗೆ ಕೇಳಿಸುವಂತೆ ಅಂದಳು, “ತಂಗೀ ಬಾವಿ ದೊಡ್ಡದಾತು, ಮೊಮ್ಮಗನ ಅನ್ನ ಸಣ್ಣದಾತು.”

“ಅನ್ನಕ್ಕ ಎಸರ ಇಡಾಕ ನೀರ ಬೇಕಲ್ಲವ್ವಾ ರುದ್ರವ್ವ,” ಎಂದಳು ಅಜ್ಜಿ.

ಆ ದಿನದ ರೊಟ್ಟಿಗಳು ದಪ್ಪವಾಗಿದ್ದವೆಂದು ಹಿಂಜವಡಿಯಿಂದ ದೂರು ಬಂತು.

ಗಣಪತಿ ಹಬ್ಬ ಬಂತು. ಹಬ್ಬದ ಹಿಂದಿನ ದಿನ ಪೂಜೆಯ ಪಾತ್ರೆಗಳನ್ನೆಲ್ಲ ಅಟ್ಟದಿಂದಿಳಿಸಿ ತಿಕ್ಕುವುದು ನನ್ನ ಪಾಲಿನ ಕೆಲಸ. ಹುಣಸೆಹಣ್ಣು, ಉಪ್ಪು ಹಚ್ಚಿ ಒಂದೊಂದೇ ಬೆಳಗುತ್ತಿದ್ದೆ. ಅಜ್ಜಿಯ ತಾಮ್ರದ ತಂಬಿಗೆಯೊಳಗೆ ಕೈ ಹಾಕಿದಾಗ ಬೆರಳಿಗೆ ಏನೋ ಹತ್ತಿತು. ಬೆಳಕಿಗೆ ಹಿಡಿದು ನೋಡಿದೆ. ಕುತ್ತಿಗೆಯ ಕೆಳಗೆ, ನೀರು ನಿಂತ ಗುರುತಿನಲ್ಲಿ, ಸುತ್ತ ಒಂದು ಹಸಿರು ಗೆರೆ.

“ಅಜ್ಜಿ, ಇದರಾಗ ಏನ ಇಟ್ಟಿದ್ದಿ?”

“ಅದರಾಗೇನ ಇಡ್ಲವ್ವಾ. ಅವ್ವಮ್ಮನ ಊರಿಂದ ಗಂಗವ್ವನ್ನ ಅದರಾಗ ಕರ್ಕೊಂಡ ಬಂದೆ. ಆಮ್ಯಾಲೆ ತಿಕ್ಕಿಲ್ಲ.”

ತಂಬಿಗೆಯನ್ನು ಕೆಳಗಿಟ್ಟೆ. ಹೇಗೆ ತಂದೆ, ಮೊದಲಿಂದ ಹೇಳು ಎಂದೆ. ಅಜ್ಜಿ ಕಥೆ ಹೇಳುವ ಧಾಟಿಯಲ್ಲೇ ಹೇಳಿದಳು. ಶ್ರಾವಣ ಸೋಮವಾರ, ಬಾವಿಯ ನೀರನ್ನು ಹಾಗೇ ಹೇಗೆ ಎತ್ತಿಕೊಂಡು ಬರುವುದು? ಗಂಗವ್ವನೆಂದು ಐದು ಹಳ್ಳು, ಸಣ್ಣ ಕಲ್ಲು, ಇಟ್ಟು ಪೂಜೆ ಮಾಡಿದರು ಅಕ್ಕತಂಗಿ. ತಂಬಿಗೆ ತುಂಬಿ ವಿಭೂತಿ ಹಚ್ಚಿದರು, ಒಂದು ಚಿಟಿಕೆ ಒಳಗೂ ಹಾಕಿದರು. ರಾತ್ರಿ ದೇವರ ಮುಂದಿಟ್ಟರು. ಬೆಳಗ್ಗೆ ಬಸ್ಸಿನಲ್ಲಿ ನೂರು ಕಣ್ಣು. ದೃಷ್ಟಿಯಾಗದಿರಲೆಂದು ಒಂದು ನಿಂಬೆಹಣ್ಣು ಕೊಯ್ದು, ಎರಡು ಹೋಳೂ ಒಳಗೆ ಬಿಟ್ಟು, ಅರಿವೆ ಕಟ್ಟಿದರು. ಮನೆಗೆ ಬಂದ ಮೇಲೆ ಹೋಳು ತೆಗೆದು, ಸೋಸಿ ಬಾಟಲಿಗೆ ಹಾಕಿದಳು. ಲ್ಯಾಬಿನವರಿಗೆ ಬಾಟಲಿ ಬೇಕೆಂದು ನಾನೇ ಎಂದೋ ಹೇಳಿದ್ದೆನಂತೆ.

ನಿಂಬೆಯ ಹುಳಿ, ನಾಲ್ಕೈದು ತಾಸು, ತಾಮ್ರದ ಗೋಡೆ. ಕಾಲೇಜಿನ ಮೊದಲ ವರ್ಷದ ಪಾಠ. ನಾನು ಹುಣಸೆಹಣ್ಣಿನ ಕೈಯಲ್ಲೇ ಬಚ್ಚಲ ಕಟ್ಟೆಯ ಮೇಲೆ ಕೂತೆ.

ಹೇಳದೆ ಇರಬಹುದಿತ್ತು. ಅರ್ಧ ದಿನ ಇದ್ದೆ ಕೂಡ. ಸಂಜೆ ಮೋದಕದ ಹಿಟ್ಟು ನಾದುವಾಗ ಎಲ್ಲರ ಮುಂದೆ ಹೇಳಿದೆ. ಅಪ್ಪ ತಲೆಯ ಮೇಲೆ ಕೈಯಿಟ್ಟುಕೊಂಡ. ಅಣ್ಣ ಎರಡು ವಾರದ ಮೇಲೆ ನನ್ನೊಡನೆ ನೇರ ಮಾತಾಡಿದ.

“ಬರದುಕೊಡು. ಈಗ. ಕಾಗದದ ಮ್ಯಾಲೆ ಬರದುಕೊಡು.”

ಅಜ್ಜಿ ಮಾತ್ರ ತಂಬಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. “ನಾ ಪೂಜಿ ಮಾಡಿದ್ದ ವಿಷಾ ಆತೇನು?” ಎಂದಳು. ವಿಷವಲ್ಲ ಅಜ್ಜಿ, ತಾಮ್ರ ಕರಗಿತು ಅಷ್ಟೇ ಎಂದೆ. ಮರುದಿನ ಅವಳು ಮೋದಕ ತಿನ್ನಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದಳು.

ಏಕನಾಥ ಸರ್‌ಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ, ಅದೇ ಕಷ್ಟವಾಯಿತು. ಮಾದರಿ ತಾಮ್ರದ ಪಾತ್ರೆಯಲ್ಲಿತ್ತು, ಆದ್ದರಿಂದ ಮೊದಲಿನ ವರದಿ ಬಾವಿಗೆ ಅನ್ವಯಿಸುವುದಿಲ್ಲ ಎಂದು ಲ್ಯಾಬಿನ ಕಾಗದದ ಮೇಲೆ ಬರೆದು ಸಹಿ ಮಾಡಿ ಕೊಟ್ಟರು. ಅಣ್ಣ ಅದನ್ನು ಪ್ಲಾಸ್ಟಿಕ್ ಫೈಲಿನಲ್ಲಿಟ್ಟುಕೊಂಡು ನಾಶಿಕಫಾಟಾದಲ್ಲಿ ಕಂಪನಿ ಬಸ್ಸು ಹತ್ತಿದ.

ಆಮೇಲೆ ಎಲ್ಲ ಬೇಗ ಬೇಗ ನಡೆಯಿತು. ಅಣ್ಣನನ್ನು ಅಂದೇ ಕೆಲಸಕ್ಕೆ ತೆಗೆದುಕೊಂಡರು. ಕಂಪನಿಯವರು ಆ ಕಾಗದವನ್ನು ದೊಡ್ಡದು ಮಾಡಿ ಗೇಟಿಗೆ ಅಂಟಿಸಿದರು. ನಮಗೆ ಯಾರ ಮೇಲೂ ಸಿಟ್ಟಿಲ್ಲ, ಊರಿಗೆ ನೀರು ಶುದ್ಧಿ ಮಾಡುವ ಯಂತ್ರವೊಂದನ್ನು ಕೊಡುತ್ತೇವೆ, ದಸರೆಗೆ ಉದ್ಘಾಟನೆ ಎಂದರು. ದಸರೆಗೆ ಹತ್ತು ದಿನವಿರುವಾಗ ಅಣ್ಣ ಕಾಯಂ ಆದ ಕಾಗದದ ಜೊತೆ ಪೇಢೆಯ ಡಬ್ಬಿ ತಂದ. ಅವ್ವ ಅದನ್ನು ದೇವರ ಮುಂದಿಟ್ಟು ಅತ್ತಳು. ಅಪ್ಪ ಓಣಿಯಲ್ಲೆಲ್ಲ ಹಂಚಿದ. ಎಲ್ಲರಿಗೂ ಒಳ್ಳೆಯದೇ ಆಯಿತು ಎಂದು ನಾನೂ ಒಂದು ಪೇಢೆ ತಿಂದೆ.

ಅಜ್ಜಿ ಪೇಢೆಯನ್ನು ಅಂಗೈಯಲ್ಲಿಟ್ಟುಕೊಂಡು ಕೇಳಿದಳು: “ಶಿವಾನಿ, ಆ ನಿಂಬಿಹಣ್ಣ ನಾ ಹಾಕಿದ್ದು ಶ್ರಾವಣದಾಗ. ಎಮ್ಮಿ ನೀರ ಬಿಟ್ಟಿದ್ದು ಜ್ಯೇಷ್ಠದಾಗ. ಎಮ್ಮಿಗೆ ಯಾರ ನಿಂಬಿಹಣ್ಣ ಹಿಂಡಿದ್ರು?”

ಪೇಢೆಯನ್ನು ಡಬ್ಬಿಗೆ ವಾಪಸ್ಸು ಇಟ್ಟಳು.

“ಕೈಯಾಗ ಕೈ ಇಟ್ಟಿ. ಇನ್ನೂ ಹೇಳಿಲ್ಲ ನೀ.”

ಮಾರನೆಯ ದಿನ ಅವ್ವಮ್ಮಜ್ಜಿಯದೇ ಫೋನು. ಯಂತ್ರದ ಕಾಗದ ಬಂದಿದೆಯಂತೆ. ಕಂಪನಿಯ ಗೋಡೆಯ ಮಗ್ಗುಲಿನ ಬಾವಿ ಅವಳೊಬ್ಬಳದೇ, ಹೊಲವೂ ಅವಳ ಹೆಸರಿನಲ್ಲೇ ಇದೆ. ಹಾಗಾಗಿ ಅವಳ ಹೆಬ್ಬೆಟ್ಟು ಬೇಕೇ ಬೇಕಂತೆ. ‘ಕಂಪನಿಯ ನೀರಿನಿಂದ ನನ್ನ ಬಾವಿಗೆ ಯಾವ ತೊಂದರೆಯೂ ಆಗಿಲ್ಲ, ಮುಂದೆಯೂ ತಕರಾರು ಮಾಡುವುದಿಲ್ಲ’ ಎಂದು ಮರಾಠಿಯಲ್ಲಿ ಬರೆದಿದೆಯಂತೆ. ಹೆಬ್ಬೆಟ್ಟು ಒತ್ತದಿದ್ದರೆ ಊರಿಗೆ ಯಂತ್ರವಿಲ್ಲ. ಊರವರೆಲ್ಲ ಅವಳನ್ನೇ ನೋಡುತ್ತಿದ್ದಾರೆ. ಮಾರ್ತಾಂಡ ಶಾಯಿಯ ಡಬ್ಬಿ ತಂದಿಟ್ಟಿದ್ದಾನೆ.

“ಹುಡುಗಿ ಹೇಳಿದ ಮ್ಯಾಲ ಒತ್ತತೀನಿ ಅಂತ ಹೇಳೀನಿ,” ಎಂದಳಂತೆ ಅವ್ವಮ್ಮಜ್ಜಿ. “ಸುಳ್ಳಂತ ಗೊತ್ತಿದ್ದೂ ನೀರಿನ ಮ್ಯಾಲ ಹೆಂಗ ಹೆಬ್ಬಟ್ಟ ಇಡ್ಲಿ?”

ನಾನು ಹೋಗಿ ಹೊಸ ಮಾದರಿ ತರುತ್ತೇನೆಂದೆ. ಅಪ್ಪ ಅದೇ ಮೊದಲ ಸಲ ದನಿಯೆತ್ತಿದ. ಒಮ್ಮೆ ನಗೆಪಾಟಲಾದದ್ದು ಸಾಲದೇ, ಮತ್ತೆ ಅಣ್ಣನ ಕುತ್ತಿಗೆಗೆ ತರುತ್ತೀಯಾ ಎಂದ. ಆಗ ಅಣ್ಣನೇ, ಚಹಾ ಬಸಿಯಲ್ಲಿ ಆರಿಸಿಕೊಳ್ಳುತ್ತ, ತಾನು ತರುತ್ತೇನೆ ಎಂದ. ತನ್ನ ಕೆಲಸದಲ್ಲಿ ದಿನವೂ ಅದನ್ನೇ ಮಾಡುವುದು. ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು, ಕುತ್ತಿಗೆಯವರೆಗೆ ತುಂಬಿ, ಮೇಣ ಹಚ್ಚಿ ತರುತ್ತೇನೆ, ಒಮ್ಮೆ ಶುದ್ಧವಿದೆಯೆಂದು ಕಂಡರೆ ಅಜ್ಜಿಯ ಬಾಯಿಯೂ ಮುಚ್ಚುತ್ತದೆ ಎಂದ.

ಮರುದಿನ ಸಂಜೆ ಬಾಟಲಿಯನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ಕೈಕಾಲು ತೊಳೆಯಲು ಹೋದ. ಬಹಳ ಹೊತ್ತು ತೊಳೆದ. ಹೇಗಿತ್ತು ಎಂದು ಕೇಳಿದರೆ, “ನೀರಿನಂಗ ಇತ್ತು,” ಎಂದ.

ಈ ಸಲ ಏಕನಾಥ ಸರ್ ಪಕ್ಕದಲ್ಲೇ ನಿಂತಿದ್ದರು. ತಾಮ್ರ ಇರಲೇ ಇಲ್ಲ. ಗಡಸುತನ ಸರಿ. ಹುಳಿ ಸರಿ. ಬಾಟಲಿಯ ಮುಚ್ಚಳ ತೆಗೆದಾಗ ಮಾತ್ರ ಇಬ್ಬರ ಮೂಗಿಗೂ ಏನೋ ತಾಕಿತು. ಗೋದಾಮಿನಲ್ಲಿಟ್ಟ ಗೋಣಿಚೀಲದ ವಾಸನೆಯಂತೆ, ಹೊಸ ಬಣ್ಣದಂತೆ. ಕೀಟನಾಶಕ ನೋಡುವ ಯಂತ್ರ ನಮ್ಮಲ್ಲಿಲ್ಲ. ಮುಂಬೈಗೆ ಕಳಿಸಬೇಕು, ಉತ್ತರ ಬರಲು ತಿಂಗಳ ಮೇಲಾಗುತ್ತದೆ ಎಂದರು ಸರ್. ದಸರೆಗೆ ಮೂರು ದಿನ ಉಳಿದಿತ್ತು. ಮುಂಬೈಗೊಂದು ಬಾಟಲಿ ಕಳಿಸಿದರು, ನನ್ನ ಕೈಗೊಂದು ಕಾಗದ ಕೊಟ್ಟರು. ‘ಪರೀಕ್ಷಿಸಿದ ಅಂಶಗಳ ಮಟ್ಟಿಗೆ ಕುಡಿಯಲು ಯೋಗ್ಯ. ಕೀಟನಾಶಕ: ಪರೀಕ್ಷಿಸಿಲ್ಲ.’

ಒಂದು ಮಾತಿನ ಉತ್ತರ ಬೇಕಿತ್ತು. ಕಾಗದ ಎರಡು ಮಾತು ಹೇಳುತ್ತಿತ್ತು. ಮೊದಲ ಸಾಲು ಓದಿದರೆ ಅಣ್ಣನ ನೌಕರಿ, ಕಾಕಾನ ಬೆಳೆ, ಊರಿನ ಯಂತ್ರ ಎಲ್ಲ ಉಳಿಯುತ್ತವೆ. ಎರಡನೆಯ ಸಾಲು ಓದಿದರೆ ನನಗೆ ಗೊತ್ತಿಲ್ಲ ಎಂದಷ್ಟೇ ಆಗುತ್ತದೆ. ಗೊತ್ತಿಲ್ಲ ಎನ್ನುವುದು ಕುಡಿಯಬೇಕೆಂದೋ ಬೇಡವೆಂದೋ? ಅಪ್ಪನನ್ನು ಕೇಳಿದೆ. ಆಫೀಸಿನ ಕಾಗದದಲ್ಲಿ ನೋಡಿಲ್ಲ ಎಂದು ಬರೆದರೆ ಇಲ್ಲವೆಂದೇ ಅರ್ಥ ಎಂದ. ಅವ್ವನನ್ನು ಕೇಳಿದೆ. “ನನ್ನನ್ನ ಕೇಳಬ್ಯಾಡ, ನಾ ಅವನ ತಾಯಿ,” ಎಂದಳು. ಅಣ್ಣ ಕಾಗದವನ್ನು ಕೈಗೆ ತೆಗೆದುಕೊಂಡು ಓದಿದ. ಖುಷಿಪಡುತ್ತಾನೆ ಅಂದುಕೊಂಡಿದ್ದೆ. ಮಡಚಿ ವಾಪಸ್ಸು ಕೊಟ್ಟು, ನಾಳೆ ತನಗೆ ರಜೆ, ಬೈಕಿನ ಮೇಲೆ ಬಿಟ್ಟುಬರುತ್ತೇನೆ ಎಂದ.

ಹೊರಡುವಾಗ ಅಜ್ಜಿ ತಾಮ್ರದ ತಂಬಿಗೆಯ ಬಾಯಿಗೆ ಅರಿವೆ ಕಟ್ಟಿ ನನ್ನ ಮಡಿಲಲ್ಲಿಟ್ಟಳು. ನಮ್ಮ ನಲ್ಲಿಯ ನೀರು, ಅವ್ವಮ್ಮನಿಗೆ.

“ನಿಂಬಿಹಣ್ಣ ಹಾಕಿಲ್ಲ,” ಎಂದಳು.

ಅಣ್ಣ ನಡುವೆ ಎಲ್ಲೂ ಬೈಕು ನಿಲ್ಲಿಸಲಿಲ್ಲ. ರಾಂಜಣಗಾಂವದ ಗಣಪತಿಗೆ ಬೈಕಿನ ಮೇಲಿಂದಲೇ ಕೈ ಮುಗಿದ. ಊರು ಮುಟ್ಟಿದಾಗ ಹನ್ನೊಂದಾಗಿತ್ತು. ಚಾವಡಿಯ ಮುಂದೆ ಯಂತ್ರ ನಿಂತಿತ್ತು, ಆಳೆತ್ತರದ್ದು, ಕಂಪನಿಯ ಹೆಸರಿನ ಮೇಲೆ ಇನ್ನೂ ಕಾಗದ ಅಂಟಿಸಿದ್ದರು. ಅವ್ವಮ್ಮಜ್ಜಿ ಹೊಲದ ಬಾವಿಯ ಹತ್ತಿರ, ಬೇವಿನ ನೆರಳಲ್ಲಿ ಕೂತಿದ್ದಳು. ಮಾರ್ತಾಂಡ ಕಾಕಾ ನಮ್ಮನ್ನು ಕಂಡು ಎದ್ದು, ಬರ್ರಿ ಎಂದ. ಮುಖ ಗಂಟಿಕ್ಕಿಕೊಂಡೇ ಚಾಪೆ ಹಾಸಿದ. ಶಾಯಿಯ ಡಬ್ಬಿ, ಕಾಗದ, ಹಾರದಂತೆ ಅದರ ಮೇಲೊಂದು ಕಲ್ಲು.

ತಂಬಿಗೆಯ ನೀರನ್ನು ಅವ್ವಮ್ಮಜ್ಜಿ ಎತ್ತಿ ಕುಡಿದಳು. “ನಿಮ್ಮ ನೀರು ಆಸ್ಪತ್ರಿ ವಾಸನಿ ಹೊಡೀತದ,” ಎಂದಳು. ಕ್ಲೋರಿನ್ ಅಜ್ಜಿ ಎಂದೆ. “ಇರ್ಲಿ. ಅಕ್ಕನ ನೀರು,” ಎಂದು ಉಳಿದದ್ದನ್ನೂ ಕುಡಿದಳು. ಆಮೇಲೆ ನನ್ನ ಮುಖ ನೋಡಿದಳು.

ಕಾಗದ ಬಿಚ್ಚಿ ಓದಿದೆ. ಎರಡೂ ಸಾಲು ಓದಿದೆ, ಕನ್ನಡದಲ್ಲಿ ಬಿಡಿಸಿ ಹೇಳಿದೆ. ಮಾರ್ತಾಂಡ ಕಾಕಾನಿಗೆ ಮೊದಲ ಸಾಲು ಸಾಕಾಗಿತ್ತು. “ಕೇಳಿದ್ಯೇನವ್ವಾ, ಯೋಗ್ಯ ಅಂತ ಬರದಾರ. ಇನ್ನ ಒತ್ತು,” ಎಂದ.

“ಕಾಗದ ಯೋಗ್ಯ ಅಂತು. ಹುಡುಗಿ ಏನಂತದ?” ಎಂದಳು ಅವ್ವಮ್ಮಜ್ಜಿ.

ನಾನು ಬಾವಿಯ ಕಡೆ ನೋಡಿದೆ. ರಾಟೆ, ಹಗ್ಗ, ಕೊಡ. ನೀರು ತಿಳಿಯಾಗಿತ್ತು, ಅದರಲ್ಲಿ ಆಕಾಶ ಕಾಣುತ್ತಿತ್ತು. ಇಂಥ ಹೊತ್ತಿನಲ್ಲಿ ಕಥೆಯಲ್ಲಾದರೆ ಒಳಗಿಂದ ಯಾರಾದರೂ ಮಾತಾಡುತ್ತಿದ್ದರು.

“ನನಗ ತಿಳೀವಲ್ದು ಅಜ್ಜಿ,” ಎಂದೆ.

ಅಣ್ಣ ಬೈಕಿಗೆ ಒರಗಿ ನಿಂತಿದ್ದ. ಅಲ್ಲಿಂದಲೇ ಮಾತಾಡಿದ, ನಮ್ಮ ಯಾರನ್ನೂ ನೋಡದೆ.

“ಆ ಮೀನ ಸಾಯ್ತಾವ.”

“ಯಾವ ಮೀನ?” ಎಂದ ಮಾರ್ತಾಂಡ ಕಾಕಾ.

“ಕಡೀ ಟಾಕ್ಯಾನ ಮೀನ. ನೋಡಾಕ ಯಾರರ ಬರೂದಿದ್ರ ನಾನ ಮುಂಜಾನೆ ಸತ್ತಾವನ್ನ ತಗದು ಹೊಸಾವು ಬಿಡ್ತೀನಿ. ಘೋಡ್ ನದಿ ಬೆಸ್ತರ ಕಡಿಂದ ತರ್ತೀನಿ. ಈ ಮಳಿಗಾಲದಾಗ ಏಳು ಸಲ ಬಿಟ್ಟೆ.” ಕಂಪನಿಯ ಗೋಡೆಯ ಕಡೆ ಕೈ ತೋರಿಸಿದ. “ಹಿಂದಿನ ಹೊಂಡದ ಪ್ಲಾಸ್ಟಿಕ್ ಹಾಸು ಹರದದ, ಇದ ಗ್ವಾಡಿ ಬಾಜೂಕ. ಜೂನಿನ್ಯಾಗ ನಾ ಬರದುಕೊಟ್ಟೆ. ಕಾಯಂ ಆಗಬೇಕೋ ಬ್ಯಾಡೋ ಅಂದ್ರು. ಬರದಿದ್ದನ್ನ ವಾಪಸ್ಸು ಇಸಕೊಂಡು ನಾನ ಹರದುಹಾಕಿದೆ. ಮೊನ್ನೆ ಬಾಟಲಿ ತುಂಬುವಾಗ ಬಾವ್ಯಾಗೂ ಅದ ವಾಸನಿ ಬಂತು. ದಿನಾ ಮೂಗಿಗೆ ಬಡಿಯೂ ವಾಸನಿ, ಗುರುತು ಸಿಗೂದಿಲ್ಲೇನು.”

ಮಾರ್ತಾಂಡ ಕಾಕಾ ಕಲ್ಲಿನ ಕೆಳಗಿದ್ದ ಕಾಗದವನ್ನು ನೋಡಿದ, ಬೆಳೆದು ನಿಂತ ಹತ್ತಿಯನ್ನು ನೋಡಿದ. ಇದನ್ನು ನೀನು ಎಲ್ಲರ ಮುಂದೆ ಹೇಳುತ್ತೀಯೇನು ಎಂದು ಕೇಳಿದ. ಕೇಳಿದರೆ ಹೇಳುತ್ತೇನೆ ಎಂದ ಅಣ್ಣ. ಕಾಕಾ ಚಾಪೆಯ ಮೇಲೆ ಕೂತುಬಿಟ್ಟ.

“ಹಂಗಾರ ಕಂಪನಿಯವ್ರಿಗೆ ನಾ ಏನಂತ ಹೇಳ್ಲಿ?” ಎಂದ, ಯಾರನ್ನೆಂದಿಲ್ಲದೆ.

“ಮುದುಕಿ ಹೆಬ್ಬಟ್ಟು ಸವದದ, ಶಾಯಿ ಹತ್ತವಲ್ದು ಅಂತ ಹೇಳು,” ಎಂದಳು ಅವ್ವಮ್ಮಜ್ಜಿ. ಆಮೇಲೆ ನನ್ನ ಕಡೆ ತಿರುಗಿದಳು. “ಮೀನಿನ ಮಾತು ಅವ ಹೇಳಿದ. ಕಾಗದ ನೀ ಓದಿದಿ. ಅಕ್ಕಗ ಕೈ ಕೊಟ್ಟು ಬಂದ ಮಾತು ಇನ್ನೂ ಬಂದಿಲ್ಲ.”

ಶ್ರಾವಣದಿಂದ ಬಾಯೊಳಗೇ ಇದ್ದ ಮಾತು. ಅದಕ್ಕೆ ಇಷ್ಟು ತೂಕವಿದೆಯೆಂದು ಕೈಯಿಟ್ಟಾಗ ನನಗೆ ಗೊತ್ತಿರಲಿಲ್ಲ. ಅಣ್ಣ ಈಗ ನನ್ನನ್ನೇ ನೋಡುತ್ತಿದ್ದ.

“ಬ್ಯಾಡ, ಅಜ್ಜಿ,” ಎಂದೆ. “ಕುಡೀಬ್ಯಾಡ್ರಿ.”

ಅವ್ವಮ್ಮಜ್ಜಿ ಹ್ಞೂಂ ಎಂದಳು, ಬಹಳ ದಿನದಿಂದ ಗೊತ್ತಿದ್ದುದನ್ನು ಕೇಳಿದವಳ ಹಾಗೆ. ಮೊಣಕಾಲಿಗೆ ಕೈಯೂರಿ ಎದ್ದಳು. ಬಾವಿಯ ಕಟ್ಟೆಗೆ ಹಣೆ ಮುಟ್ಟಿಸಿದಳು. ರಾಟೆಯಿಂದ ಹಗ್ಗ ಬಿಚ್ಚಿ, ಮೊಣಕೈಗೂ ಅಂಗೈಗೂ ನಡುವೆ ಸುತ್ತುತ್ತ ಹೋದಳು. ಉದ್ದದ ಹಗ್ಗ, ಬಹಳ ಹೊತ್ತು ಹಿಡಿಯಿತು. ಸುತ್ತಿ ಮುಗಿದ ಮೇಲೆ ಅದನ್ನು ಅಣ್ಣನ ಕೈಗೆ ಕೊಟ್ಟಳು.

“ನಿನ್ನ ನೌಕರಿ ಏನಾಗ್ತದೋ ಅಮರ?”

ಅಣ್ಣ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು ನಿಂತ.

“ಇದನ್ನ ಎಲ್ಲಿ ಇಡ್ಲಿ ಅಜ್ಜಿ?” ಎಂದ.